ನೀರು ಬಿಸಿ, ಬಚ್ಚಲು ತಣ್ಣಗೆ

ಬೆಂಗಳೂರಿನದ್ದೂ ಒಂದು ಚಳಿಯೇ ಎಂದು ನಗುವವರಿದ್ದಾರೆ. 1884ರ ಜನವರಿ 13ರಂದು ಇಲ್ಲಿನ ಉಷ್ಣಾಂಶ 7.8 ಡಿಗ್ರಿ ಸೆಲ್ಸಿಯಸ್‌ಗೆ ಇಳಿದಿತ್ತು. ಆ ದಾಖಲೆ ಇಂದಿಗೂ ಮುರಿದಿಲ್ಲ. ಈಗ ಡಿಸೆಂಬರ್, ಜನವರಿಯ ಮುಂಜಾವಿನಲ್ಲಿ ಸಾಮಾನ್ಯವಾಗಿ 15-16 ಡಿಗ್ರಿ ಇರುತ್ತದೆ. ಪ್ರಾಯದ ಮಕ್ಕಳಿಗೆ ಅದು ಹಿತ. ಆದರೆ ಎಂಬತ್ತರ ಹತ್ತಿರದ ದೇಹಕ್ಕೆ, ಅದೂ ಒದ್ದೆ ಮೈಗೆ, ಹಾಗಲ್ಲ. ಮನೆಯಲ್ಲಿ ಅತ್ಯಂತ ತಣ್ಣಗಿನ ಕೋಣೆ ಯಾವುದೆಂದು ಹಿರಿಯರನ್ನು ಕೇಳಿ ನೋಡಿ. ಬಚ್ಚಲು ಎಂದೇ ಹೇಳುತ್ತಾರೆ.

ಆರ್.ಟಿ. ನಗರದ ನಮ್ಮ ಹಳೆಯ ಮನೆಯ ಬಚ್ಚಲನ್ನು ಒಡೆದು ಹೊಸದಾಗಿ ಕಟ್ಟಿಸಲು ಹೊರಟಾಗ ಜಾರದ ಟೈಲ್ಸ್, ಗೋಡೆಗೊಂದು ಹಿಡಿಕೆ, ಹೊಸ ಗೀಸರ್ ಎಂದು ಪಟ್ಟಿ ಮಾಡಿದ್ದೆವು. ಉಮ್ಮ ಕೇಳಿದ್ದು ಬೇರೆಯೇ. "ನೀರು ಬಿಸಿ ಬರ್ತದೆ ಮಗಾ, ಬಚ್ಚಲು ಬೆಚ್ಚಗಾಗುದಿಲ್ಲವಲ್ಲ?" ಚಳಿಗಾಲ ಬಂತೆಂದರೆ ಅವರ ಸ್ನಾನ ಮೂರು ದಿನಕ್ಕೊಮ್ಮೆಗೆ ಇಳಿಯುತ್ತಿತ್ತು. ಫಜ್ರ್ ನಮಾಝ್‌ಗೆ ಎದ್ದವರು ವುಝೂವಿಗೆ ಹೋಗುವ ಮೊದಲು ಮಂಚದಲ್ಲೇ ಕಾಲು ಗಂಟೆ ಕೂತು ಧೈರ್ಯ ತಂದುಕೊಳ್ಳುತ್ತಿದ್ದರು.

ಅವರ ಮಾತಿನ ಅರ್ಥ ತಿಳಿಯಬೇಕಾದರೆ ಮೂಡಿಗೆರೆ ಕಡೆಯ ಅವರ ತವರಿನ ಬಚ್ಚಲನ್ನು ನೆನೆಯಬೇಕು. ಅಲ್ಲಿ ಮೂಲೆಯಲ್ಲಿ ಒಲೆ, ಒಲೆಯ ಮೇಲೆ ತಾಮ್ರದ ಹಂಡೆ. ಸೌದೆ ಉರಿದಂತೆ ನೀರಷ್ಟೇ ಅಲ್ಲ, ಗೋಡೆ, ನೆಲ, ಗಾಳಿ ಎಲ್ಲವೂ ಕಾಯುತ್ತಿದ್ದವು. ಹೊಗೆ ಕಣ್ಣುರಿಸುತ್ತಿತ್ತು ನಿಜ, ಆದರೆ ಬಟ್ಟೆ ಕಳಚಲು ಯಾರೂ ಹೆದರುತ್ತಿರಲಿಲ್ಲ. ಗೀಸರ್ ಹಾಗಲ್ಲ. ತನ್ನ ಬಿಸಿ ಹೊರಗೆ ಹೋಗದಂತೆ ಹೊದಿಕೆ ಹೊದ್ದುಕೊಂಡಿರುವುದೇ ಅದರ ಗುಣ. ಹೊಗೆಯೂ ಹೋಯಿತು, ಅದರ ಜೊತೆಗೆ ಬಚ್ಚಲಿನ ಬೆಚ್ಚನೆಯೂ ಹೋಯಿತು.

ಸ್ನಾನವೆಂದರೆ ಬಿಸಿ ನೀರು ಮಾತ್ರವಲ್ಲ, ಬಿಸಿ ಕೋಣೆಯೂ ಹೌದು ಎಂಬುದು ಹಿಂದಿನವರಿಗೆ ಗೊತ್ತಿತ್ತು. ಬೀದರ್ ಕೋಟೆಯಲ್ಲಿ ಇಂದು ವಸ್ತು ಸಂಗ್ರಹಾಲಯವಿರುವ ಕಟ್ಟಡ ಹಿಂದೆ ಶಾಹಿ ಹಮಾಮ್ ಆಗಿತ್ತು. ಕಾಶ್ಮೀರದ ಮಸೀದಿಗಳಲ್ಲಿ ಈಗಲೂ ಕಲ್ಲುಹಾಸಿನ ಕೆಳಗೆ ಸೌದೆ ಉರಿಸಿ ಹಮಾಮನ್ನು ಬೆಚ್ಚಗಿಡುತ್ತಾರೆ. ಇದು ಬರೀ ಸುಖದ ಮಾತಲ್ಲ. ತಣ್ಣನೆಯ ಕೋಣೆಯಲ್ಲಿ ಬಟ್ಟೆ ಕಳಚಿದೊಡನೆ ರಕ್ತನಾಳಗಳು ಕುಗ್ಗಿ ರಕ್ತದೊತ್ತಡ ಏರುತ್ತದೆ. ಬಿಸಿ ನೀರಿಗಿಳಿದಾಗ ಇಳಿಯುತ್ತದೆ. ಈ ಏರಿಳಿತ ವೃದ್ಧರ ಹೃದಯಕ್ಕೆ ಭಾರ. ಜಪಾನಿನಲ್ಲಿ ಚಳಿಗಾಲದಲ್ಲಿ ಸ್ನಾನದ ವೇಳೆ ವೃದ್ಧರು ಸಾಯುವುದು ದೊಡ್ಡ ಆರೋಗ್ಯ ಸಮಸ್ಯೆಯೇ ಆಗಿದೆ.

ಪರಿಚಿತರಲ್ಲಿ ಕೆಲವರು ಗ್ಯಾಸ್ ಗೀಸರ್ ಹಾಕಿಸಿ, ಕಿಟಕಿ ಮುಚ್ಚಿಬಿಡಿ ಎಂದರು. ಅದಕ್ಕಿಂತ ಅಪಾಯದ ಸಲಹೆ ಇನ್ನೊಂದಿಲ್ಲ. ಗಾಳಿಯಾಡದ ಬಚ್ಚಲಿನಲ್ಲಿ ಗ್ಯಾಸ್ ಗೀಸರಿನಿಂದ ಹೊಮ್ಮುವ ಕಾರ್ಬನ್ ಮೊನಾಕ್ಸೈಡ್ ಇದೇ ಬೆಂಗಳೂರಿನಲ್ಲಿ ಎಷ್ಟೋ ಜೀವ ತೆಗೆದಿದೆ. ಟೈಲ್ಸ್ ಕೆಳಗೆ ಬಿಸಿಯಾಗುವ ವಿದ್ಯುತ್ ತಂತಿ ಹಾಸುವ ಕ್ರಮವೂ ಇದೆ. ಆದರೆ ನೆಲ ಕಾಯಲು ಅರ್ಧ ಗಂಟೆಗೂ ಹೆಚ್ಚು ಬೇಕು, ಕೆಟ್ಟರೆ ಟೈಲ್ಸ್ ಒಡೆಯಬೇಕು. ಮೂರು ತಿಂಗಳ ಚಳಿಗೆ ಅಷ್ಟು ಬೇಡವೆನಿಸಿತು.

ಕೊನೆಗೆ ಆರಿಸಿದ್ದು ಗೋಡೆಯ ಮೇಲ್ಭಾಗಕ್ಕೆ ಬಿಗಿಯುವ 1200 ವ್ಯಾಟಿನ ಇನ್‌ಫ್ರಾರೆಡ್ ಹೀಟರ್. ಬಿಸಿಲಿನಂತೆ ಅದು ನೇರ ಮೈಗೆ ತಾಗುತ್ತದೆ. "ಬೆಂಗಳೂರಲ್ಲಿ ಬಾತ್‌ರೂಮಿಗೆ ಹೀಟರಾ ಸಾರ್?" ಎಂದು ಎಲೆಕ್ಟ್ರಿಷಿಯನ್ ನಕ್ಕರೂ ಕೆಲಸದಲ್ಲಿ ಬಲು ಜಾಗ್ರತೆ ವಹಿಸಿದರು. ನೀರು ಸಿಡಿದರೂ ತಾಳುವ ಐಪಿಎಕ್ಸ್4 ಗುರುತಿನ ಹೀಟರನ್ನೇ ತರಿಸಿದರು. ಗೀಸರಿಗೂ ಹೀಟರಿಗೂ ಬೋರ್ಡಿನಿಂದಲೇ ಬೇರೆ ಬೇರೆ ವಯರ್, ಬೇರೆ ಬೇರೆ ಎಂಸಿಬಿ ಹಾಕಿದರು. ಸ್ವಿಚ್ ಬಾಗಿಲಿನ ಹೊರಗೆ ಬಂತು. ಅರ್ಥಿಂಗ್ ಪರೀಕ್ಷಿಸಿ, 30 ಮಿಲಿ ಆಂಪಿಯರ್ ಸೋರಿಕೆಗೇ ಕರೆಂಟ್ ಕಡಿಯುವ ಆರ್‌ಸಿಸಿಬಿ ಕೂಡಿಸಿದರು. ಗೋಡೆ ತೆರೆದಿದ್ದಾಗಲೇ ಇದೆಲ್ಲ ಸುಲಭ. ಮಲಗುವ ಕೋಣೆಯ ಹೀಟರನ್ನು ಎಕ್ಸ್‌ಟೆನ್ಷನ್ ಬಾಕ್ಸಿನಲ್ಲಿ ಎಳೆದು ತಂದು ಬಚ್ಚಲಲ್ಲಿ ಇಡುವವರೂ ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ.

ಖರ್ಚಿನ ಮಾತು. ದಿನಕ್ಕೆ 20 ನಿಮಿಷ ಉರಿಸಿದರೆ 0.4 ಯೂನಿಟ್, ತಿಂಗಳಿಗೆ 12. ಒಂದು ಸ್ನಾನದ 15 ಲೀಟರ್ ನೀರು ಕಾಯಿಸಲು ತಗಲುವುದೂ ಹೆಚ್ಚುಕಡಿಮೆ ಇಷ್ಟೇ. 2023ರಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆಯ ಮನೆಗಳವರು 200 ಯೂನಿಟ್ ದಾಟದಂತೆ ಲೆಕ್ಕವಿಡಬೇಕಾದ್ದರಿಂದ ಇದನ್ನು ಬರೆದೆವು.

ಉಮ್ಮ ಈಗ ದಿನ ಬಿಟ್ಟು ದಿನ ಸ್ನಾನ ಮಾಡುತ್ತಾರೆ. ವುಝೂವಿಗೆ ಮಂಚದಲ್ಲಿ ಕೂತು ಕಾಯುವುದಿಲ್ಲ.

ನಾವು ಮನೆ ನವೀಕರಿಸುವಾಗ ಬಂದವರ ಕಣ್ಣಿಗೆ ಕಾಣುವ ಹಾಲ್‌ಗೆ, ಅಡುಗೆ ಮನೆಗೆ ಲಕ್ಷಗಟ್ಟಲೆ ಸುರಿಯುತ್ತೇವೆ. ಹಿರಿಯರು ಬಾಗಿಲು ಮುಚ್ಚಿಕೊಂಡು ಒಬ್ಬರೇ ನಡುಗುವ ಜಾಗ ಯಾರಿಗೂ ಕಾಣುವುದಿಲ್ಲ. ಅವರು ಕೇಳುವುದೂ ಅಪರೂಪ. ಗಾರೆ ಕೆಲಸದವರು ಬರುವ ಮೊದಲು ನಾವೇ ಒಮ್ಮೆ ಅವರನ್ನು ಕೇಳುವುದು ಒಳ್ಳೆಯದು.