ಹಿಂಭಾರ

ಕಿರಂಗೂರಿನ ಬನ್ನಿಮಂಟಪದ ಬಳಿ ಆನೆ ಕಾಣಬೇಕಾದರೆ ದಸರೆಯೇ ಬರಬೇಕು. ಶ್ರೀರಂಗಪಟ್ಟಣದ ಜಂಬೂಸವಾರಿ ಹೊರಡುವುದು ಅಲ್ಲಿಂದಲೇ. ಮಿಕ್ಕ ದಿನಗಳಲ್ಲಿ ಕಬ್ಬಿನ ಗಾಡಿ, ಟ್ರ್ಯಾಕ್ಟರು. ಅವುಗಳ ಪಕ್ಕದಲ್ಲಿ ನನ್ನ ಹಳೇ ಸೈಕಲ್ಲು ಹೊಸ ಫೋರ್ಕು ತೊಟ್ಟು ನಿಂತಿದ್ದ ಸಂಜೆ, ನಮ್ಮ ದೊಡ್ಡಪ್ಪ ಸುತ್ತ ಒಂದು ಸುತ್ತು ಬಂದು, “ಏನ್ಲಾ ಮಗ, ಸೈಕಲ್ಲು ಆಕಾಶ ನೋಡ್ತಾ ಅದೆ?” ಎಂದರು.

ನೋಡದೆ ಏನು ಮಾಡೀತು! ಅದರದು 26 ಇಂಚಿನ ಚಕ್ರದ ಕಾಲದ ಬಾಡಿ, 80 ಮಿ.ಮೀ. ಕುಗ್ಗುವ ಫೋರ್ಕಿಗೆಂದು ಬೆಸೆದದ್ದು. ಆ ಹಳೇ ಫೋರ್ಕು ಎಣ್ಣೆ ಕಾರತೊಡಗಿದಾಗ ನಾನು 120ರದನ್ನು ತಂದೆ. 1989ರಲ್ಲಿ ಹುಟ್ಟಿದ ರಾಕ್‌ಶಾಕ್ಸ್ ಕಂಪನಿಯ ಮೊದಲ ಫೋರ್ಕು 50 ಮಿ.ಮೀ. ಕೂಡ ಕುಗ್ಗುತ್ತಿರಲಿಲ್ಲವಂತೆ, ಅಂಥದರಲ್ಲೇ ಬೆಟ್ಟ ಇಳಿದವರಿದ್ದಾರೆ. ಆಸೆಗೆ ಈ ಲೆಕ್ಕವೆಲ್ಲ ಎಲ್ಲಿ ಕೇಳಿಸುತ್ತದೆ? ಹುಡುಕಾಟವೇ ಒಂದು ಕಥೆ. ಈಗಿನ ಫೋರ್ಕುಗಳ ಕೊಳವೆ ಬುಡದಲ್ಲಿ ದಪ್ಪ. ನನ್ನ ಬಾಡಿಗೆ ಬೇಕಾದದ್ದು ಮೇಲಿಂದ ಕೆಳಗಿನವರೆಗೆ 28.6 ಮಿ.ಮೀ. ಇರುವ ನೇರ ಕೊಳವೆ. ಕೊನೆಗೆ ಸಿಕ್ಕಿದ್ದು ಸೆಕೆಂಡ್‌ಹ್ಯಾಂಡ್. ಹಳೇ ಕೋನ್‌ಸೆಟ್‌ಗೆ ಗ್ರೀಸು ಮೆತ್ತಿ, ಅದರೊಳಗೆ ಕೊಳವೆ ಮೆಲ್ಲಗೆ ಜಾರಿ ಕೂತಾಗ ಆದ ಸುಖವನ್ನು ಮಾತ್ರ ಸುಳ್ಳೆನ್ನಲಾರೆ.

ಮಾರನೇ ದಿನ ಕರಿಘಟ್ಟಕ್ಕೆ ಹೋದೆ. ಇಳಿಜಾರಿನ ಕಲ್ಲುಗಳ ಮೇಲೆ ರಾಜವೈಭೋಗ. ಹತ್ತುವಾಗ ಶುರುವಾಯಿತು ನೋಡಿ: ಮುಂದಿನ ಚಕ್ರ ಅತ್ತಿತ್ತ ಅಲೆಯುತ್ತದೆ, ಕಡಿದಾದ ಕಡೆ ನೆಲವನ್ನೇ ಬಿಡುತ್ತದೆ. ಮುಂಭಾಗ 20 ಮಿ.ಮೀ. ಎದ್ದರೆ ಹ್ಯಾಂಡಲಿನ ಕೋನ ಹೆಚ್ಚುಕಡಿಮೆ ಒಂದು ಡಿಗ್ರಿ ಹಿಂದಕ್ಕೆ ಮಲಗುತ್ತದೆ. ನನ್ನದು 40 ಎದ್ದಿತ್ತು. ಸೀಟೂ ಅಷ್ಟೇ ಹಿಂದಕ್ಕೆ ವಾಲಿತು, ಪೆಡಲು ಒಂದೂವರೆ ಸೆಂ.ಮೀ. ಮೇಲೇರಿತು. ಇದೆಲ್ಲ ನಾನು ಕಾಗದದ ಮೇಲೆ ಗೀಚಿ ತಿಳಿದದ್ದು. ಹರೆಯದಲ್ಲಿ ಪಾಂಡವಪುರದ ಸಕ್ಕರೆ ಕಾರ್ಖಾನೆಗೆ ಕಬ್ಬು ಹೊಡೆದ ದೊಡ್ಡಪ್ಪನಿಗೆ ಕಾಗದ ಬೇಕಾಗಲಿಲ್ಲ.

“ಗಾಡಿ ಹಿಂಭಾರ ಆಗದೆ ಕಣ್ಲಾ. ಮೂಕಿ ಎದ್ರೆ ಎತ್ತಿನ ಕತ್ತಿನ ಹಗ್ಗ ಬಿಗೀತದೆ. ಹಿಂದಿನ ಹೊರೆ ವಸಿ ಮುಂದಕ್ಕೆ ಎಳ್ಕೊ.”

ಸೀಟನ್ನು ಮುಂದಕ್ಕೆ ಎಳೆದೆ, ವಸಿ ಗುಣವಾಯಿತು. ಆದರೆ ಚಿಂತೆ ಬೇರೆಯೇ ಇತ್ತು. ಫೋರ್ಕು ಉದ್ದವಾದಷ್ಟೂ ಅದು ಬಾಡಿಯ ಕತ್ತನ್ನು ಮೀಟುವ ಸನ್ನೆಗೋಲು. ಬಿರುಕು ಬಿಡುವುದು ಸಾಮಾನ್ಯವಾಗಿ ಅಲ್ಲಿನ ಬೆಸುಗೆಯಲ್ಲೇ. ಕೂದಲೆಳೆಯಷ್ಟು ಪೇಂಟು ಒಡೆದಿದೆಯೇ ಎಂದು ವಾರಕ್ಕೊಮ್ಮೆ ಬ್ಯಾಟರಿ ಹಿಡಿದು ನೋಡುವ ಬಾಳು ಯಾರಿಗೆ ಬೇಕು? ಕೊನೆಗೊಮ್ಮೆ ಫೋರ್ಕು ಬಿಚ್ಚಿ, ಒಳಗೆ ಪ್ಲಾಸ್ಟಿಕ್ ಬಿಲ್ಲೆ ಕೂರಿಸಿ, 100ಕ್ಕೆ ಇಳಿಸಿದೆ. ನಾನು ಹತ್ತಿ ಕೂತರೆ ಕಾಲು ಭಾಗ ತಾನೇ ತಗ್ಗುತ್ತದೆ. ಮೂತಿ ನೆಲಕ್ಕೆ ಬಂತು. ದೊಡ್ಡಪ್ಪ ಈ ಸಲ ಸುತ್ತು ಬರಲಿಲ್ಲ, ನಿಂತಲ್ಲಿಂದಲೇ “ಈಗ ನೊಗ ಸಮಕ್ಕೆ ಬಂತು” ಎಂದರು.

ನಿಮ್ಮ ಮನೆಯ ಮೂಲೆಯಲ್ಲೂ ಇಂಥದೊಂದು ಸೈಕಲ್ಲಿದ್ದರೆ, ದುಡ್ಡು ಎಣಿಸುವ ಮುಂಚೆ ಹಳೇ ಫೋರ್ಕನ್ನು ಚಕ್ರದ ಅಚ್ಚಿನಿಂದ ಕೋನ್‌ಸೆಟ್‌ನ ಬುಡದವರೆಗೆ ಟೇಪು ಹಿಡಿದು ಅಳೆದುಕೊಳ್ಳಿ. ಹೊಸದು ಅದಕ್ಕಿಂತ 20 ಮಿ.ಮೀ. ಉದ್ದವಿದ್ದರೆ ತನ್ನಿ; 40 ಇದ್ದರೆ ಅಂಗಡಿಯಲ್ಲೇ ಬಿಟ್ಟು ಬನ್ನಿ.