ಅಪ್ಪನ ಸ್ಕೂಟರಿಗೆ 650 ರೂಪಾಯಿಯ ಕಾವಲು

ಹೋದ ವರ್ಷ ಅಪ್ಪನ ಬೈಕು ಕಳುವಾಯಿತು. ಶಿಡ್ಲಘಟ್ಟದ ಮಾರ್ಕೆಟ್‌ನಲ್ಲಿ ಗೂಡು ಮಾರಿ, ಎದುರಿನ ಹೋಟೆಲಲ್ಲಿ ಒಂದು ಪ್ಲೇಟ್ ಇಡ್ಲಿ ತಿಂದು ಬರೋಷ್ಟರಲ್ಲಿ ಗಾಡಿ ಮಾಯ. ಹ್ಯಾಂಡಲ್ ಲಾಕ್ ಹಾಕಿರಲಿಲ್ಲ. ಐದು ನಿಮಿಷಕ್ಕೆ ಯಾಕೆ ಅಂತ ಬಿಟ್ಟಿದ್ದರಂತೆ. ನನಗೆ ವಿಷಯ ಗೊತ್ತಾಗಿದ್ದು ಎರಡು ದಿನ ಆದಮೇಲೆ, ಅದೂ ಅಮ್ಮನ ಬಾಯಿಂದ. ಫೋನ್ ಅಪ್ಪನ ಕೈಗೆ ಹೋದಾಗ ಅವರು ಕೇಳಿದ್ದು ಒಂದೇ ಮಾತು: "ಊಟ ಆಯ್ತಾ ನಿಂದು?"

ಠಾಣೆಗೆ ಹೋಗಿ ಎಫ್‌ಐಆರ್ ಮಾಡಿಸಿದೆವು. ಇನ್ಶೂರೆನ್ಸ್ ಕಾಗದ ತೆಗೆದು ನೋಡಿದರೆ ಬರೀ ಥರ್ಡ್ ಪಾರ್ಟಿ. ಅದರಲ್ಲಿ ಕಳ್ಳತನಕ್ಕೆ ಒಂದು ಪೈಸೆಯೂ ಬರೋದಿಲ್ಲ. ಇಲ್ಲಿ ಒಂದು ಮಾತು ಹೇಳಲೇಬೇಕು. 2018ರ ಸೆಪ್ಟೆಂಬರ್‌ನಿಂದ ಹೊಸ ಟೂ ವೀಲರ್‌ಗೆ 5 ವರ್ಷದ ಇನ್ಶೂರೆನ್ಸ್ ಕಡ್ಡಾಯ ಆಯಿತಲ್ಲ, ಅದು ಥರ್ಡ್ ಪಾರ್ಟಿಗೆ ಮಾತ್ರ. ಕಳ್ಳತನ ಕವರ್ ಆಗೋ ಭಾಗವನ್ನು ಸಾಮಾನ್ಯವಾಗಿ ವರ್ಷ ವರ್ಷ ರಿನ್ಯೂ ಮಾಡಿಸಬೇಕು. "5 ವರ್ಷಕ್ಕೆ ಕಟ್ಟಿದೀನಿ ಬಿಡು" ಅಂತ ನಿಶ್ಚಿಂತೆಯಾಗಿರೋರು ನಮ್ಮ ಆಫೀಸಿನಲ್ಲೇ ಮೂವರು ಸಿಕ್ಕರು. ಕ್ಲೇಮ್ ಮಾಡೋವಾಗ ಎರಡೂ ಕೀ ಕೇಳ್ತಾರೆ, ಅದೂ ನೆನಪಿರಲಿ.

ನಾನಿರೋದು ಬೆಂಗಳೂರಲ್ಲಿ. ಊರು 60 ಕಿಲೋಮೀಟರ್ ಚಿಲ್ಲರೆ ದೂರ, ಆದರೂ ತಿಂಗಳಿಗೆ ಒಂದು ಸಲ ಹೋದರೆ ಹೆಚ್ಚು. ಇಎಂಐ ಮೇಲೆ ಅಪ್ಪನಿಗೊಂದು ಹೊಸ ಸ್ಕೂಟರ್ ಕೊಡಿಸಿದೆ. ಅಷ್ಟಕ್ಕೇ ಸಮಾಧಾನ ಆಗದೆ ಜೆ.ಸಿ. ರಸ್ತೆಗೆ ಹೋಗಿ 650 ರೂಪಾಯಿಗೆ ಒಂದು ಅಲಾರಂ ತಂದೆ. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡ ಡಬ್ಬಿ, ಒಂದು ಸೈರನ್, ಎರಡು ರಿಮೋಟ್, ಒಂದು ಹಿಡಿ ವೈರು. ಇನ್ನೂರು ರೂಪಾಯಿಗೆ ನಮ್ಮೂರಿನ ಮೆಕ್ಯಾನಿಕ್ ಕೂರಿಸಿಕೊಟ್ಟ. ಕೆಂಪು ವೈರು ಬ್ಯಾಟರಿಯ ಪ್ಲಸ್ಸಿಗೆ, ಕಪ್ಪು ಬಾಡಿಗೆ, ಎರಡು ಇಂಡಿಕೇಟರ್‌ಗೆ, ಒಂದು ಕೀ ಸ್ವಿಚ್ಚಿಗೆ. ಮಧ್ಯೆ ಫ್ಯೂಸ್ ಹಾಕಿಸಿಕೊಳ್ಳಿ, ಅದಕ್ಕೆ ಜಿಪುಣತನ ಬೇಡ. ವಾರಂಟಿಯಲ್ಲಿರೋ ಗಾಡಿಯ ವೈರು ಕತ್ತರಿಸಿದರೆ ನಾಳೆ ಶೋರೂಮಿನವರು ತಕರಾರು ತೆಗೀಬಹುದು ಅಂತ ಅವನೇ ಎಚ್ಚರಿಸಿದ. ನಾನು ಕೇಳಲಿಲ್ಲ.

ಮೊದಲ ವಾರ ಊರಿಗೆಲ್ಲ ನಮ್ಮ ಸ್ಕೂಟರಿನದೇ ಸುಪ್ರಭಾತ. ಹಿಪ್ಪುನೇರಳೆ ಸೊಪ್ಪು ತುಂಬಿದ ಟ್ರ್ಯಾಕ್ಟರ್ ಹೋದರೆ ಕಿರುಚುತ್ತೆ, ಸೀಟಿನ ಮೇಲೆ ಬೆಕ್ಕು ಹಾರಿದರೆ ಕಿರುಚುತ್ತೆ, ಗುಡುಗಿದರಂತೂ ಕೇಳಲೇಬೇಡಿ. "ಕಳ್ಳ ಬಂದ್ರೂ ಇನ್ಮೇಲೆ ಯಾರೂ ಏಳಲ್ಲ ಕಣಪ್ಪ" ಅಂದರು ಪಕ್ಕದ ಮನೆ ಅಜ್ಜಿ. ಅವರು ಹೇಳಿದ್ದು ಸರಿಯಾಗೇ ಇತ್ತು. ಸೆನ್ಸರ್‌ನ ಸೂಕ್ಷ್ಮತೆ ಕಮ್ಮಿ ಮಾಡಿಸಿದ ಮೇಲೆ ಗಲಾಟೆ ತಣ್ಣಗಾಯಿತು. ನಾನು ಗೆದ್ದೆ ಅಂದುಕೊಂಡೆ.

ಆಮೇಲೆ ಹುಳ ನಾಲ್ಕನೇ ಜ್ವರ ಎದ್ದವು. ರೇಷ್ಮೆ ಗೊತ್ತಿಲ್ಲದವರಿಗೆ ಹೇಳೋದಾದರೆ, ಹುಳ ಪೊರೆ ಬಿಡೋ ಹೊತ್ತಿಗೆ ಮೇವು ಬಿಟ್ಟು ಮಂಕಾಗಿ ಕೂರುತ್ತವೆ, ಅದಕ್ಕೆ ನಮ್ಮ ಕಡೆ ಜ್ವರ ಅಂತಾರೆ. ನಾಲ್ಕನೇ ಜ್ವರ ಎದ್ದ ಮೇಲೆ ಏಳೆಂಟು ದಿನ ಅವುಗಳ ಹಸಿವು ನೋಡಬೇಕು. ಹೊತ್ತು ಹೊತ್ತಿಗೆ ಸೊಪ್ಪು ಕೊಯ್ದು ಹಾಕ್ತಾನೇ ಇರಬೇಕು. ಹಣ್ಣಾದ ಮೇಲೆ ಚಂದ್ರಿಕೆಗೆ ಬಿಟ್ಟು, ಗೂಡು ಕಟ್ಟೋ ತನಕ ಮತ್ತೆ ಐದಾರು ದಿನ. ಅಷ್ಟೂ ದಿನ ಅಪ್ಪ ಅಮ್ಮ ಮನೆ ಬಿಟ್ಟು ಕದಲಲ್ಲ. ಸ್ಕೂಟರ್ ನಿಂತಲ್ಲೇ ನಿಂತಿರುತ್ತೆ, ಅಲಾರಂ ಮಾತ್ರ ಹಗಲೂ ರಾತ್ರಿ ಎದ್ದಿರುತ್ತೆ.

ಗೂಡು ಬಿಡಿಸಿದ ಮಾರನೇ ದಿನ ಬೆಳಗಿನ ಜಾವ ಅಪ್ಪ ಚೀಲ ಕಟ್ಟಿ, ಕೀ ತಿರುಗಿಸಿದರೆ ಲೈಟೂ ಇಲ್ಲ, ಸದ್ದೂ ಇಲ್ಲ. ಕಿಕ್ಕರ್ ಒದ್ದರು. ಬಿಎಸ್6 ಗಾಡಿ, ಪೆಟ್ರೋಲ್ ಪಂಪಿಗೂ ಕರೆಂಟು ಬೇಕು. ಬ್ಯಾಟರಿ ಪೂರಾ ಸತ್ತರೆ ಎಷ್ಟು ಒದ್ದರೂ ಅಷ್ಟೇ. ಗೂಡಿಗೋ ಕಾಯೋ ತಾಳ್ಮೆ ಇಲ್ಲ. ಒಳಗಿನ ಹುಳ ಚಿಟ್ಟೆಯಾಗಿ ತೂತು ಮಾಡಿಕೊಂಡು ಹೊರಗೆ ಬಂದರೆ ನೂಲು ಬಿಚ್ಚೋಕೇ ಆಗಲ್ಲ, ಯಾವ ರೀಲರೂ ಮುಟ್ಟಲ್ಲ. ಅದಕ್ಕೆ ಇನ್ನೂ ದಿನ ಇತ್ತು ನಿಜ, ಆದರೆ ಒಂದೊಂದು ದಿನಕ್ಕೂ ಗೂಡು ಒಣಗಿ ತೂಕ ಇಳಿಯುತ್ತೆ. ಅಪ್ಪ 600 ರೂಪಾಯಿ ಕೊಟ್ಟು ಗೂಡ್ಸ್ ಆಟೋ ಮಾಡಿಕೊಂಡು ಹೋದರು. "ರೇಟೇನೂ ಕೆಟ್ಟಿರ್ಲಿಲ್ಲ ಬಿಡು" ಅಂದರು ಸಂಜೆ. ಎಷ್ಟಕ್ಕೆ ಹೋಯಿತು ಅಂತ ಮಾತ್ರ ಹೇಳಲಿಲ್ಲ.

ಆ ಶನಿವಾರವೇ ಊರಿಗೆ ಓಡಿದೆ. ಮೆಕ್ಯಾನಿಕ್ ಮೀಟರ್ ಹಚ್ಚಿ ತೋರಿಸಿದ. ಗಾಡಿ ಸುಮ್ಮನೆ ನಿಂತಾಗಲೂ ಆ ಡಬ್ಬಿ 20 ಮಿಲಿಆಂಪ್ ಎಳೀತಿತ್ತು. ಸ್ಕೂಟರಿನ ಬ್ಯಾಟರಿ 4 ಆಂಪ್ ಅವರ್. ಭಾಗಿಸಿದರೆ 200 ಗಂಟೆ, ಅಂದರೆ ಎಂಟು ದಿನ ಚಿಲ್ಲರೆ. ಇಡೀ ದಿನ ಲ್ಯಾಪ್‌ಟಾಪ್ ಮುಂದೆ ಲೆಕ್ಕ ಹಾಕೋ ನನಗೆ ಇದೊಂದು ಭಾಗಾಕಾರ ಹೊಳೆದಿರಲಿಲ್ಲ.

"ಕಿತ್ತಾಕ್ಬಿಡು ಅಣ್ಣ" ಅಂತ ಮೆಕ್ಯಾನಿಕ್‌ಗೆ ಹೇಳಿದೆ. ಅಪ್ಪ ಬೇಡ ಅಂದರು. ಹೇಳುತ್ತಾ ನನ್ನ ಮುಖ ನೋಡಲಿಲ್ಲ, ಸೀಟಿನ ಧೂಳು ಒರೆಸುತ್ತಾ ನಿಂತರು. "ಇರ್ಲಿ. ಆ ಗಾಡಿ ಹೋದ್ಮೇಲೆ ಹೋಟ್ಲಲ್ಲಿ ಕೂತು ತಿಂಡಿ ತಿಂದಿರ್ಲಿಲ್ಲ ನಾನು. ಇದು ಬಂದ್ಮೇಲೆ ತಿಂತಾ ಇದೀನಿ."

ಅದಕ್ಕೆ ಸೀಟಿನ ಕೆಳಗೆ ಹತ್ತಾರು ರೂಪಾಯಿಯದೊಂದು ಸ್ವಿಚ್ ಹಾಕಿಸಿದೆವು. ಗಾಡಿ ಮನೆಯಲ್ಲಿ ನಿಂತಾಗ ಆಫ್, ಪೇಟೆಗೆ ಹೊರಟಾಗ ಆನ್. ಜೊತೆಗೆ ಮುಂದಿನ ಚಕ್ರಕ್ಕೆ ಒಂದು ಗಟ್ಟಿ ಚೈನು, ಬೀಗ. ಇನ್ಶೂರೆನ್ಸ್ ರಿನ್ಯೂ ಮಾಡೋ ದಿನಕ್ಕೆ ನನ್ನ ಫೋನಲ್ಲೂ ಒಂದು ಅಲಾರಂ.

ಮೊನ್ನೆ ಮಧ್ಯಾಹ್ನ ಫೋನ್ ಮಾಡಿದಾಗ ಹಿಂದೆ ಸೈರನ್ ಹೊಡೆದುಕೊಳ್ತಾ ಇತ್ತು. ಎದೆ ಧಸಕ್ಕೆಂದಿತು. "ಸ್ವಿಚ್ ಆಫ್ ಮಾಡಿರ್ಲಿಲ್ವಾ? ಯಾರಮ್ಮಾ ಗಾಡಿ ಹತ್ರ?" ಅಂದೆ.

"ಯಾರೂ ಇಲ್ಲ ಕಣೋ" ಅಂದರು ಅಮ್ಮ. "ನಿಮ್ಮಪ್ಪ ತೋಟದಲ್ಲವ್ರೆ. ಕೂಗಿ ಕೂಗಿ ಗಂಟ್ಲು ಬಿದ್ದೋಗ್ತದೆ. ಊಟಕ್ಕೆ ಕರೆಯೋಕೆ ಈಗ ಈ ಬಟನ್ನೇ ಒತ್ತೋದು."