ಎರಡೂ ಎಡಗಾಲಿನ ಚಪ್ಪಲಿ

ನಾನು ಇಸಿ ಬ್ರಾಂಚಿನವನು. ಮರಗೆಲಸದ ಬಗ್ಗೆ ಬರೆಯೋಕೆ ನನಗೆ ಯಾವ ಅರ್ಹತೆಯೂ ಇಲ್ಲ. ಆದರೂ ಬರೀತಿದ್ದೀನಿ, ಯಾಕಂದ್ರೆ ಹೋದ ಮಳೆಗಾಲ ಪೂರ್ತಿ ನನ್ನ ರೂಮ್‌ಮೇಟ್ ಪ್ಲೈವುಡ್ ಜೊತೆ ಗುದ್ದಾಡಿದ್ದನ್ನ ಪಕ್ಕದಲ್ಲೇ ಕೂತು ನೋಡಿದವನು ನಾನು. ಅವನನ್ನೇ ಕೇಳಿದರೆ "ಏನಿಲ್ಲ ಮಗಾ, ಒಂದು ಡಬ್ಬ ಮಾಡ್ದೆ" ಅಂತ ಒಂದೇ ಸಾಲಲ್ಲಿ ಮುಗಿಸ್ತಾನೆ. ಹೆಸರು ಮಾತ್ರ ಹಾಕಬೇಡ ಅಂದಿದ್ದಾನೆ. ಮೆಕ್ಯಾನಿಕಲ್ ಆದ್ದರಿಂದ ಇಲ್ಲಿ ಅವನು ಬರೀ 'ಮೆಕ್'.

ಮೆಕ್‌ಗೆ ಐದು ಸಬ್ಜೆಕ್ಟ್ ಉಳಿದು ಇಯರ್ ಬ್ಯಾಕ್ ಆಗಿತ್ತು. ಇಯರ್ ಬ್ಯಾಕ್ ಅಂದ್ರೆ ಏನು ಅಂತ ಈ ಪತ್ರಿಕೆ ಓದೋರಿಗೆ ಬಿಡಿಸಿ ಹೇಳಬೇಕಿಲ್ಲ. ಬೆಳಗ್ಗೆ ನಾವೆಲ್ಲ ಕಾಲೇಜಿಗೆ ಹೊರಟಾಗ ಅವನು ಗೋಡೆ ಕಡೆ ಮುಖ ಮಾಡಿ ಮಲಗಿರ್ತಿದ್ದ, ಸಂಜೆ ಬಂದು ನೋಡಿದ್ರೂ ಅದೇ ಭಂಗಿ. ಅಮ್ಮ ಫೋನ್ ಮಾಡಿದರೆ "ಊಟ ಆಯ್ತು, ಇಡ್ತೀನಿ". ಅಪ್ಪ ಫೋನ್ ಮಾಡ್ತಾನೇ ಇರಲಿಲ್ಲ. ಹಾಸನದಲ್ಲಿ ಜೂನ್ ತಿಂಗಳ ಜಡಿಮಳೆ ಬೇರೆ. ಒಗೆದ ಬಟ್ಟೆ ಒಣಗಲ್ಲ, ಎದ್ದು ಹೊರಗೆ ಹೋಗೋಣ ಅಂದ್ರೆ ಕಾರಣವೂ ಸಿಗಲ್ಲ.

ನನ್ನ ಮಿನಿ ಪ್ರಾಜೆಕ್ಟ್ ಮುಗಿದ ಮೇಲೆ ಒಂದು ರಾಸ್ಪ್‌ಬೆರಿ ಪೈ 4 ಮತ್ತು ಸೆಕೆಂಡ್ ಹ್ಯಾಂಡ್ 19 ಇಂಚಿನ ಚೌಕಾಕಾರದ ಹಳೇ ಮಾನಿಟರ್ ಸುಮ್ನೆ ಬಿದ್ದಿದ್ದವು. ಒಂದು ರಾತ್ರಿ ಅದರಲ್ಲಿ ರೆಟ್ರೋಪೈ ಹಾಕಿ ಹಳೇ ಗೇಮ್ ಓಡಿಸ್ತಿದ್ದೆ. ಗೋಡೆ ಕಡೆ ತಿರುಗಿದ್ದ ಮೆಕ್ ಈ ಕಡೆ ತಿರುಗಿದ. ಅರ್ಧ ಗಂಟೆ ನೋಡಿ, "ಇದು ಕೀಬೋರ್ಡಲ್ಲಿ ಆಡೋದಲ್ಲ ಕಣೋ, ನಿಂತ್ಕೊಂಡು ಆಡೋದು. ಇದಕ್ಕೊಂದು ಮೈ ಬೇಕು" ಅಂದ. ಎರಡು ವಾರದಲ್ಲಿ ಅವನು ಆಡಿದ ಅತಿ ಉದ್ದದ ಮಾತು ಅದು. ಬೇಡ ಅನ್ನೋ ಧೈರ್ಯ ಯಾರಿಗಿತ್ತು?

ಮೈ ಅಂದ್ರೆ ಆರ್ಕೇಡ್ ಕ್ಯಾಬಿನೆಟ್. ಎದೆಮಟ್ಟಕ್ಕೆ ಜಾಯ್‌ಸ್ಟಿಕ್, ಮುಖದ ಎದುರಿಗೆ ಪರದೆ, ಎರಡೂ ಪಕ್ಕದಲ್ಲಿ ಬಾಗಿದ ಹಲಗೆ ಇರೋ ಆ ನಿಲುವು ಪೆಟ್ಟಿಗೆ. ನಮ್ಮ ಹಿಂದಿನ ತಲೆಮಾರು ಬಸ್‌ಸ್ಟ್ಯಾಂಡ್ ಪಕ್ಕದ ಅಂಗಡಿಗಳಲ್ಲಿ ಇದಕ್ಕೆ ಒಂದೊಂದು ರೂಪಾಯಿ ಕಾಯಿನ್ ಹಾಕಿ ಆಡಿದೆ. ಕ್ಯಾಪ್‌ಕಾಮ್ ಕಂಪನಿ 1993ರಲ್ಲಿ ತಂದ 'ಕ್ಯಾಡಿಲಾಕ್ಸ್ ಅಂಡ್ ಡೈನೋಸಾರ್ಸ್' ಆಟಕ್ಕೆ ನಮ್ಮ ದೇಶದಲ್ಲಿ ಯಾರೂ ಆ ಹೆಸರು ಹೇಳಲಿಲ್ಲ, ಅದರಲ್ಲಿದ್ದ ಒಬ್ಬ ಹೀರೋ ಹೆಸರಿಂದ ಅದು 'ಮುಸ್ತಫಾ' ಆಯ್ತು. ಮೆಕ್‌ನ ಅಪ್ಪ ಅರಸೀಕೆರೆಯಲ್ಲಿ ಕೆಲಸಕ್ಕೆ ಸೇರಿದ ಹೊಸದರಲ್ಲಿ ಸಂಬಳದ ಚಿಲ್ಲರೆಯೆಲ್ಲ ಇದಕ್ಕೇ ಸುರಿದಿದ್ರಂತೆ. ಈ ಕತೆ ಅವನ ಮನೆಯಲ್ಲಿ ಹಬ್ಬದ ಊಟಕ್ಕೆ ಕೂತಾಗೆಲ್ಲ ಬರುತ್ತಿತ್ತು. ಆ ವರ್ಷದ ಯುಗಾದಿಗೆ ಬರಲಿಲ್ಲವಂತೆ.

ಈ ಪೆಟ್ಟಿಗೆ ಮೊದಲಿಂದಲೂ ಬಡಗಿ ಕೆಲಸವೇ ಅನ್ನೋದು ನನಗೆ ಇಷ್ಟವಾದ ವಿಷಯ. 1972ರಲ್ಲಿ ಅಟಾರಿಯ ಆಲನ್ ಅಲ್ಕಾರ್ನ್ 'ಪಾಂಗ್' ಮಾಡಿದಾಗ ಅಂಗಡಿಯಿಂದ ಒಂದು ಮಾಮೂಲಿ ಹಿಟಾಚಿ ಕಪ್ಪು-ಬಿಳುಪು ಟಿವಿ ತಂದು, ನಾಲ್ಕು ಅಡಿಯ ಮರದ ಪೆಟ್ಟಿಗೆಯೊಳಗೆ ಕೂರಿಸಿದರು. ಸನ್ನಿವೇಲ್ ಊರಿನ ಒಂದು ಬಾರಲ್ಲಿ ಇಟ್ಟರು. ಕೆಲವೇ ದಿನಕ್ಕೆ ಮೆಷಿನ್ ಕೆಟ್ಟಿದೆ ಅಂತ ಬಾರಿನವರು ಕರೆದರು. ಹೋಗಿ ನೋಡಿದರೆ ಸರ್ಕ್ಯೂಟ್ ಚೆನ್ನಾಗೇ ಇತ್ತು, ಕಾಯಿನ್ ಬೀಳೋ ಡಬ್ಬ ತುಂಬಿ ಉಕ್ಕಿತ್ತು. ಇಂಥ ರಿಪೇರಿ ಎಲ್ಲರಿಗೂ ಸಿಗಲಿ.

ಓನರ್ ಅಜ್ಜ ಮಹಡಿ ಮೇಲಿನ ಶೀಟಿನ ಶೆಡ್ ಬಿಟ್ಟುಕೊಟ್ಟರು. ಮೆಕ್ ಮೂರು ದಿನ ಕೂತು ಕ್ಯಾಡ್‌ನಲ್ಲಿ ಡ್ರಾಯಿಂಗ್ ಮಾಡಿದ. ನಿಜಕ್ಕೂ ಚೆಂದದ ಡ್ರಾಯಿಂಗ್. ಅಗಲ 610 ಮಿಲಿಮೀಟರ್, ಪ್ಲೈ ದಪ್ಪ 18, ಎರಡು ಪಕ್ಕ ಕಳೆದರೆ ಒಳಗಿನ ಅಗಲ 574. ಎಂಟಡಿ ನಾಲ್ಕಡಿಯ ಎರಡು ಶೀಟ್ ಆಟೋ ಮೇಲೆ ಕಟ್ಟಿಸಿಕೊಂಡು ಬಂದೆವು. ಶೀಟಿನ ಉದ್ದ 2440, ನಾಲ್ಕರಿಂದ ಭಾಗಿಸಿದರೆ ಸರಿಯಾಗಿ 610. ಇನ್ನೇನು ಬೇಕು ಅಂತ ಪ್ರತಿ ಸಲ ಕೊಯ್ದ ಅಂಚಿನಿಂದಲೇ ಮುಂದಿನ 610 ಅಳೆದು ಗೆರೆ ಎಳೆದು, ಬಾಡಿಗೆಗೆ ತಂದ ಕಟಿಂಗ್ ಮೆಷಿನ್‌ನಲ್ಲಿ ಗೆರೆಯ ಹೊರಪಕ್ಕ ಹಿಡಿದು ಕೊಯ್ದ. ಮೊದಲ ಮೂರು ಹಲಗೆ 610. ನಾಲ್ಕನೆಯದು 601.

ಮತ್ತೆ ಅಳೆದ. 601. ಟೇಪ್ ಬದಲಾಯಿಸಿ ಅಳೆದ. 601.

ನಮ್ಮ ಬೀದಿಯ ತುದಿಯಲ್ಲಿ ಬಾಗಿಲು, ಕಿಟಕಿ ಮಾಡೋ ಆಚಾರ್ರು ಇದ್ದಾರೆ. ಮೆಷಿನ್ ಸದ್ದು ಕೇಳಿ ಏನೋ ಅಂತ ಮೇಲೆ ಹತ್ತಿ ಬಂದಿದ್ದರು. ನಾಲ್ಕೂ ಹಲಗೆ ನೋಡಿ ಒಂದೇ ಪ್ರಶ್ನೆ ಕೇಳಿದರು. "ಅಲ್ಲಪ್ಪಾ, ಗರಗಸ ತಿಂದಿದ್ದು ಯಾರ ಲೆಕ್ಕಕ್ಕೆ?" ಬ್ಲೇಡಿನ ದಪ್ಪ ಮೂರು ಮಿಲಿಮೀಟರ್, ಕೊಯ್ತ ಮೂರು, ಒಟ್ಟು ಒಂಬತ್ತು. ಆ ಒಂಬತ್ತು ಮಿಲಿಮೀಟರ್ ಹೊಟ್ಟಾಗಿ ನಮ್ಮ ಕಾಲ ಕೆಳಗೇ ಬಿದ್ದಿತ್ತು.

ಇನ್ನೊಂದು ಮರುದಿನ ಗೊತ್ತಾಯ್ತು. ಡ್ರಾಯಿಂಗಿನ ಪ್ರಕಾರ 574ಕ್ಕೆ ಕೊಯ್ದ ಒಳಗಿನ ತಟ್ಟೆ ಎರಡು ಪಕ್ಕದ ಮಧ್ಯೆ ಗಲಗಲ ಅಂತಿತ್ತು. ಮೆಕ್ ತನ್ನ ವರ್ನಿಯರ್ ತಂದು ಪ್ಲೈ ದಪ್ಪ ನೋಡಿದ, 17.2. ಶೀಟಿನ ಮೇಲೆ 18 ಅಂತ ಮುದ್ರೆ ಇದೆ! ಎರಡು ಕಡೆ ಸೇರಿ 1.6 ಮಿಲಿಮೀಟರ್ ಸಂದು. ಲಿಮಿಟ್ಸ್ ಅಂಡ್ ಫಿಟ್ಸ್ ಅಧ್ಯಾಯ ಓದಿ ಶಾಫ್ಟಿಗೆ ಮೈಕ್ರಾನ್ ಲೆಕ್ಕದಲ್ಲಿ ಟಾಲರೆನ್ಸ್ ಬರೆಯೋರಿಗೆ ಪ್ಲೈವುಡ್ ಮುಖಕ್ಕೆ ಹೊಡೆದ ಹಾಗೆ ಉತ್ತರ ಕೊಡುತ್ತೆ. ನಮ್ಮ ಸಿಲಬಸ್ಸಿನಲ್ಲಿ ಇದಕ್ಕೊಂದು ಲ್ಯಾಬ್ ಇರಬೇಕಿತ್ತು ಅಂತ ನನಗನಿಸುತ್ತೆ. ಅಂಗಡಿಗೆ ಹೋಗಿ 18ರ ಶೀಟ್ ತಂದು ಅಳೆಯುವ ಲ್ಯಾಬ್, ವೈವಾ ಬೇಡ.

ಆಚಾರ್ರು ಇದಕ್ಕೂ ಅದಕ್ಕೂ ಒಂದೇ ಮದ್ದು ಹೇಳಿದರು. "ಗಿಡ್ಡ ಆಗಿದ್ದನ್ನ ಒಳಗಡೆ ಹಾಕು. ಟೇಪ್ ಪಕ್ಕಕ್ಕಿಡು. ಹಲಗೆನೇ ಅಲ್ಲಿ ಇಟ್ಟು ಗೆರೆ ಹಾಕು." ಅಂದ್ರೆ 601ರ ಹಲಗೆಯನ್ನ ಪೆಟ್ಟಿಗೆಗೇ ಆನಿಸಿ, ಎಲ್ಲಿ ಮುಟ್ಟುತ್ತೋ ಅಲ್ಲಿ ಪೆನ್ಸಿಲ್ ಗುರುತು. ನಂಬರೇ ಇಲ್ಲ. ಹೊಸ ತಟ್ಟೆ ಅಂಗೈಯಲ್ಲಿ ಎರಡು ಸಲ ತಟ್ಟಿದರೆ ಹೋಗಿ ಕೂರೋ ಹಾಗೆ ಬಂತು. ಮೆಕ್ ಅದನ್ನ ಸುಮ್ಮನೆ ತೆಗೆದು, ಮತ್ತೆ ಹಾಕಿ, ಮತ್ತೆ ತೆಗೆದು, ಎಷ್ಟು ಸಲ ಮಾಡಿದನೋ.

ಮಧ್ಯದ ಸಣ್ಣಪುಟ್ಟ ಅನಾಹುತ ಬೇಗ ಹೇಳಿಬಿಡ್ತೀನಿ. ಅಡಿಪಟ್ಟಿಗೆ ಅಂತ ತಂದ ಎಂಡಿಎಫ್ ತುಂಡು ಸೋರೋ ಶೆಡ್ಡಿನ ನೆಲದ ಮೇಲೆ ಒಂದು ರಾತ್ರಿ ಇತ್ತು, ಬೆಳಗ್ಗೆ ಚಹಾಕ್ಕೆ ಅದ್ದಿದ ಬಿಸ್ಕತ್ತು. ಒಮ್ಮೆ ಉಬ್ಬಿದ ಎಂಡಿಎಫ್ ಮತ್ತೆ ಇಳಿಯಲ್ಲ, ಎಸೆಯೋದೇ. ಪಕ್ಕದ ಬಾಗು ಕೊಯ್ಯುವಾಗ ಜಿಗ್‌ಸಾ ಅಂಚನ್ನೆಲ್ಲ ಸೀಳಿ ಹಾಕಿತು. ಅದರ ಹಲ್ಲು ಕೊಯ್ಯೋದು ಮೇಲಕ್ಕೆ ಹೋಗುವಾಗ, ಹಾಗಾಗಿ ಮೇಲ್ಮುಖವೇ ಸೀಳುತ್ತೆ. ಒಳ್ಳೇ ಮುಖ ಕೆಳಗೆ ಮಾಡಿ, ಗೆರೆ ಮೇಲೆ ಟೇಪ್ ಅಂಟಿಸಿ ಕೊಯ್ದರೆ ತೊಂದರೆ ಇಲ್ಲ. ಯೂಟ್ಯೂಬಿನಲ್ಲಿ ಇದನ್ನ ಹೇಳೋರು ಇದ್ದಾರೆ, ಆದರೆ ಅವರ ಹಿಂದೆ ಕಾರು ನಿಲ್ಲಿಸೋ ಗ್ಯಾರೇಜಿನಷ್ಟು ಜಾಗ, ಅದರ ತುಂಬ ಮೆಷಿನ್. ನಮ್ಮ ಹತ್ತಿರ ಇದ್ದದ್ದು ಎರಡು ಪ್ಲಾಸ್ಟಿಕ್ ಸ್ಟೂಲು.

ದೊಡ್ಡ ಪೆಟ್ಟು ಬಿದ್ದಿದ್ದು ಆಮೇಲೆ. ಎರಡು ಪಕ್ಕದ ಹಲಗೆಗೂ ಒಳಗಡೆ ರೀಪು ಹೊಡೆಯಬೇಕು, ತಟ್ಟೆಗಳು ಅದರ ಮೇಲೆ ಕೂರಬೇಕು. ಮೆಕ್ ಎರಡೂ ಹಲಗೆ ಅಕ್ಕಪಕ್ಕ ಮಲಗಿಸಿ, ಎರಡರ ಒರಟು ಮುಖದ ಮೇಲೂ ಒಂದೇ ಥರ ಗುರುತು ಮಾಡಿ, ಇಡೀ ಭಾನುವಾರ ಒಂದೊಂದಕ್ಕೂ 22 ಸ್ಕ್ರೂ ಹಾಕಿದ. ಹೊರಗಿನಿಂದ ಸ್ಕ್ರೂ, ಒಳಗೆ ರೀಪು. ಸಂಜೆ ಎತ್ತಿ ಎದುರುಬದುರು ನಿಲ್ಲಿಸಿದ. ಒಂದರ ರೀಪು ಒಳಗಿತ್ತು. ಇನ್ನೊಂದರ ರೀಪು ಒಳಗೆ ತಿರುಗಿಸಿದರೆ ಹಲಗೆಯ ಬಾಗು ಹಿಂದಕ್ಕೆ, ಬಾಗು ಮುಂದಕ್ಕೆ ತಿರುಗಿಸಿದರೆ ರೀಪು ಹೊರಗೆ. ಎರಡೂ ಎಡಗಾಲಿನ ಚಪ್ಪಲಿ ಹೊಲಿದ ಹಾಗೆ, ಎರಡೂ ಎಡಪಕ್ಕ.

ಅವನು ಏನೂ ಅನ್ನಲಿಲ್ಲ. ಸ್ಕ್ರೂ ಡ್ರೈವರ್ ಕೆಳಗಿಟ್ಟ, ರೂಮಿಗೆ ಬಂದ, ಗೋಡೆ ಕಡೆ ತಿರುಗಿ ಮಲಗಿದ. ಮೂರು ದಿನ. ಊಟಕ್ಕೆ ಕರೆದರೆ "ಹಸಿವಿಲ್ಲ". ಎರಡನೇ ರಾತ್ರಿ ಕತ್ತಲಲ್ಲಿ, "ಐದು ಸಬ್ಜೆಕ್ಟೂ ಹೀಗೇ ಕಣೋ. ಬರೆಯುವಾಗ ಎಲ್ಲ ಸರಿ ಇದೆ ಅನ್ಸಿತ್ತು" ಅಂದ. ಅದಕ್ಕೆ ಏನು ಹೇಳೋದು? ಸಮಾಧಾನದ ಮಾತು ಬಾಯಿಗೆ ಬಂದವು, ಒಂದೂ ಆ ಹೊತ್ತಿಗೆ ಹೇಳೋ ಹಾಗಿರಲಿಲ್ಲ. ನಾನೂ ಎದ್ದು ಕೂತೆ, ಇಬ್ಬರೂ ಮಳೆ ಕೇಳ್ತಾ ಇದ್ದೆವು. ಅವನನ್ನ ಒಬ್ಬನೇ ಬಿಟ್ಟು ಮರುದಿನ ಕಾಲೇಜಿಗೆ ಹೋಗಲಿಲ್ಲ.

ನಾಲ್ಕನೇ ದಿನ ಆಚಾರ್ರು ತಮ್ಮ ಮೂಲೆಮಟ್ಟ ವಾಪಸ್ ಕೇಳೋಕೆ ಬಂದರು. ಅದನ್ನ ತೆಗೆದುಕೊಡೋಕೆ ಅವನು ಮೇಲೆ ಹತ್ತಲೇಬೇಕಾಯ್ತು. ಹಲಗೆ ನೋಡಿ ಅವರು ನಗಲಿಲ್ಲ. ಇದು ನನಗೆ ಈಗಲೂ ನೆನಪಿದೆ. ರೀಪಿನ ಅಂಚಿಗೆ ಉಗುರು ಹಾಕಿ ನೋಡಿ, "ಫೆವಿಕಾಲ್ ಹಾಕಿಲ್ಲ ತಾನೆ? ಮತ್ತೇನು, ಬಿಚ್ಚು. ಮಗುಚಿ ಈ ಕಡೆ ಹೊಡಿ" ಅಂದರು. "ಒರಟು ಮುಖ ಹೊರಗೆ ಬರುತ್ತಲ್ಲ ಆಚಾರ್ರೇ, ತೂತು ಬೇರೆ" ಅಂದ ಮೆಕ್. "ಬರುತ್ತೆ. ತುಂಬು."

ಗರಗಸದ ಹೊಟ್ಟಿಗೆ ಫೆವಿಕಾಲ್ ಕಲಸಿ ರಾಗಿ ಮುದ್ದೆ ಹದಕ್ಕೆ ತಂದು, ತೂತಿಗೆ ಒತ್ತಿ ತುಂಬಬೇಕು. ಒಣಗಿದ ಮೇಲೆ ಕುಗ್ಗುತ್ತೆ, ಆದ್ದರಿಂದ ಸ್ವಲ್ಪ ಉಬ್ಬಾಗೇ ಬಿಡಬೇಕು. ಆಮೇಲೆ ಉಪ್ಪುಕಾಗದ. ಪಾಲಿಶ್ ಮಾಡೋದಾದರೆ ಈ ಉಪಾಯ ನಡೆಯಲ್ಲ, ಅಂಟು ಕುಡಿದ ಜಾಗ ಬಣ್ಣ ಹೀರದೆ ಮಚ್ಚೆ ಮಚ್ಚೆಯಾಗಿ ಕಾಣುತ್ತೆ. ಪೇಂಟ್ ಆದರೆ ಮುಚ್ಚಿಹೋಗುತ್ತೆ. ಹೊಟ್ಟು ನಮ್ಮ ಹತ್ತಿರ ಬೇಕಾದಷ್ಟಿತ್ತು, ಆ ಒಂಬತ್ತು ಮಿಲಿಮೀಟರಿನದೂ ಸೇರಿ.

ಕಂಟ್ರೋಲ್ ಪ್ಯಾನೆಲ್ ಕತೆ ಇನ್ನೊಂದು ಥರ. ಬಟನ್‌ಗೆ 30 ಮಿಲಿಮೀಟರ್ ತೂತು, ಕೆಳಗೊಂದು ಚೂರು ಹಲಗೆ ಒತ್ತಿ ಹಿಡಿದು ಕೊರೆದಿದ್ದರಿಂದ ಸೀಳಲಿಲ್ಲ. ಆದರೆ ಜಾಯ್‌ಸ್ಟಿಕ್ ಕೆಳಗಿಂದ ಕೂರಿಸಿದರೆ ಅಷ್ಟು ದಪ್ಪದ ಹಲಗೆ ದಾಟಿ ಅದರ ಕಡ್ಡಿ ಹೊರಗೆ ಬಂದಿದ್ದು ಬೆರಳ ಗಿಣ್ಣಿನಷ್ಟು. ಹಿಡಿಯೋಕೇ ಆಗಲ್ಲ. ಕೆಳಗಿನಿಂದ ಹಲಗೆ ತೋಡಬೇಕು, ರೌಟರ್ ಇಲ್ಲ. ಆಚಾರ್ರು ಉಳಿ ಕೊಟ್ಟರು, ಹಿಡಿಯೋದು ತೋರಿಸಿದರು, ಹೊರಟುಹೋದರು. ಪ್ಲೈವುಡ್ಡಿನ ಪದರಗಳ ನಾರು ಒಂದು ಅಡ್ಡ ಇದ್ದರೆ ಮುಂದಿನದು ಉದ್ದ. ಉಳಿಗೆ ಅಡ್ಡನಾರು ಸಿಕ್ಕಾಗ ಒಂದು ಸದ್ದು, ಉದ್ದನಾರು ಸಿಕ್ಕಾಗ ಇನ್ನೊಂದು. ಮೆಕ್ ಸ್ಕೇಲ್ ಮುಟ್ಟಲೇ ಇಲ್ಲ, ಪದರ ಎಣಿಸುತ್ತಾ ಇಳಿದ. ಒಂದು ಪದರ ಪೂರ್ತಿ ಸವರಿ ಮುಗಿಸಿ, ಮುಂದಿನದಕ್ಕೆ ಹೋಗೋದು. ಎರಡು ಜಾಯ್‌ಸ್ಟಿಕ್‌ಗೆ ಎರಡು ಸಂಜೆ. ಇಡೀ ಪೆಟ್ಟಿಗೆಯಲ್ಲಿ ಅತ್ಯಂತ ಒಳ್ಳೇ ಕೆಲಸ ಅದೇ, ಮತ್ತೆ ಅದು ಯಾರಿಗೂ ಕಾಣದ ಜಾಗದಲ್ಲಿದೆ. ಮಿಕ್ಕ ವೈರಿಂಗ್ ನನ್ನದು, ಯುಎಸ್‌ಬಿ ಎನ್‌ಕೋಡರ್ ಬೋರ್ಡಿಗೆ ಒಂದೊಂದು ಬಟನ್‌ನಿಂದ ಎರಡೆರಡು ವೈರ್. ಹೇಳುವಂಥದ್ದೇನಿಲ್ಲ, ಒಂದೇ ಸಂಜೆಗೆ ಮುಗೀತು.

ಸೆಪ್ಟೆಂಬರಿನಲ್ಲಿ ಮೆಕ್‌ನ ಅಪ್ಪ ಹೇಳದೇ ಕೇಳದೇ ಬಂದರು. ಮಗನ ಸಾಮಾನು ಕಟ್ಟಿಸಿ ಊರಿಗೆ ಕರೆದುಕೊಂಡು ಹೋಗೋಕೆ ಬಂದಿದ್ದರು ಅಂತ ಕೈಯಲ್ಲಿದ್ದ ಖಾಲಿ ಚೀಲ ನೋಡಿದರೇ ಗೊತ್ತಾಗ್ತಿತ್ತು. ರೂಮಿನ ಮೂಲೆಯಲ್ಲಿ ಅದು ನಿಂತಿತ್ತು, ಕಪ್ಪು ಬಣ್ಣ, ಇನ್ನೂ ಸ್ಟಿಕ್ಕರ್ ಹಾಕಿರಲಿಲ್ಲ. ಅವರು ಚೀಲ ಇಟ್ಟು ಹತ್ತಿರ ಹೋದರು. ಬಲಪಕ್ಕದ ಹಲಗೆ ಮೇಲೆ ಅಂಗೈ ಆಡಿಸಿದರು. ಟ್ಯೂಬ್‌ಲೈಟ್ ಅಡ್ಡ ಬಿದ್ದರೆ ಆ 22 ತೂತಿನ ಜಾಗ ಈಗಲೂ ಸಣ್ಣಗೆ ತೋರುತ್ತೆ.

"ಇದೇನೋ ಇದು?"

"ತೂತು ಮುಚ್ಚಿರೋದು ಅಪ್ಪಾ."

"ನೀನೇ ಮಾಡಿದ್ದಾ?"

"ಹ್ಞೂಂ."

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಅವರು ನನ್ನ ಕಡೆ ತಿರುಗಿ, "ಕಾಯಿನ್ ಎಲ್ಲಿ ಹಾಕೋದಪ್ಪಾ ಇದಕ್ಕೆ?" ಅಂದರು. "ಕಾಯಿನ್ ಇಲ್ಲ ಅಂಕಲ್, ಆ ಬಿಳಿ ಬಟನ್ ಒತ್ತಿ" ಅಂದೆ. "ಮುಸ್ತಫಾ ಇದ್ಯಾ?" ಇತ್ತು. ಮೊದಲ ಎರಡು ಲೈಫ್ ಬೇಗ ಹೋದವು. ಮೂರನೆಯದಕ್ಕೆ ಅವರ ಹೆಬ್ಬೆರಳಿಗೆ ಏನೋ ನೆನಪಾದ ಹಾಗೆ ಕಾಣಿಸ್ತು. ಆಡ್ತಾ ಆಡ್ತಾನೇ, ಮುಖ ತಿರುಗಿಸದೆ, "ಆ ಕಡೆ ನಿಂತ್ಕೊಳ್ಳೋ, ಒಬ್ಬನೇ ಆದ್ರೆ ಕಷ್ಟ" ಅಂದರು ಮಗನಿಗೆ. ನಾನು ಟೀ ತರೋ ನೆಪದಲ್ಲಿ ಹೊರಗೆ ಹೋಗಿ, ಬೇಕಂತಲೇ ದೂರದ ಅಂಗಡಿಗೆ ನಡೆದೆ.

ಖಾಲಿ ಚೀಲ ಖಾಲಿಯಾಗೇ ಎಂಟು ಗಂಟೆ ಬಸ್ಸಿಗೆ ವಾಪಸ್ ಹೋಯ್ತು. ಆ ಸಲ ಐದರಲ್ಲಿ ಮೂರು ಪಾಸಾಯ್ತು. ಎರಡು ಇನ್ನೂ ಇದೆ, ಅದರಲ್ಲಿ ಒಂದು ಎಂ-3, ಅದರ ಬಗ್ಗೆ ಅವನಿಗೂ ಭರವಸೆ ಇಲ್ಲ. ಆಚಾರ್ರ ಅಂಗಡಿಗೆ ಭಾನುವಾರ ಹೋಗ್ತಾನೆ, ಏನು ಮಾಡ್ತೀಯ ಅಂದ್ರೆ ಹೇಳಲ್ಲ. ಹೋದ ವಾರ ತನ್ನ ದುಡ್ಡಲ್ಲಿ ಒಂದು ಮೂಲೆಮಟ್ಟ ತಂದಿದ್ದಾನೆ.

ಪೆಟ್ಟಿಗೆ ನಮ್ಮ ರೂಮಲ್ಲೇ ಇದೆ. ಶನಿವಾರ ಆರು ಗಂಟೆ ಮೇಲೆ ಯಾರು ಬೇಕಾದರೂ ಬಂದು ಆಡಬಹುದು, ಚಪ್ಪಲಿ ಹೊರಗೆ ಬಿಡಿ, ಓನರ್ ಅಜ್ಜ ಬೈತಾರೆ. ಎರಡನೇ ಆಟಗಾರನ ಮೂರನೇ ಬಟನ್ ಸ್ವಲ್ಪ ಗಟ್ಟಿಯಾಗಿ ಒತ್ತಬೇಕು. ಬಲಪಕ್ಕಕ್ಕೆ ಒರಗಬೇಡಿ, ಸ್ಟಿಕ್ಕರ್ ಇನ್ನೂ ಬಂದಿಲ್ಲ.